ಮಳೆಯಲ್ಲಿ ನಿಂತಿರುವ ಚೇತಕ್: ನಾವು ಕೈಹಚ್ಚಬಹುದಾ?

ತುಂಗೆಯ ದಡದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು. ಸರ್ವೀಸಿನ ಬಹುಪಾಲು ಚೇತಕ್ ಹೆಲಿಕಾಪ್ಟರುಗಳ ಮೇಲೆಯೇ ಕಳೆಯಿತು. ಈಗ 74 ವರ್ಷ, ತೀರ್ಥಹಳ್ಳಿ ಕಡೆ ತೋಟ ನೋಡಿಕೊಂಡಿದ್ದಾರೆ. ಮಲೆನಾಡಿನ ಒಂದು ಸಂಸ್ಥೆಯ ಹಿಂದಿನ ಅಂಗಳದಲ್ಲಿ ಸೇವೆ ಮುಗಿಸಿದ ಚೇತಕ್ ಒಂದು ನಿಂತಿದೆ ಅಂತ ಗೊತ್ತಾಗಿ, ಹೋದ ಭಾನುವಾರ ಅವರನ್ನು ಕರೆದುಕೊಂಡು ಹೋದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಅವರನ್ನು ದೂರಲು ನಾನು ಬಂದಿಲ್ಲ.

ಮಳೆ ಹನಿಯುತ್ತಿತ್ತು. ಅಪ್ಪ ದೂರದಿಂದಲೇ ನೋಡಿ ಕೊಡೆ ನನ್ನ ಕೈಗೆ ಕೊಟ್ಟು ನೆನೆಯುತ್ತಲೇ ನಡೆದರು. ಮುಟ್ಟುವ ಮೊದಲು ಅವರು ಕೇಳಿದ್ದು ಒಂದೇ ಮಾತು: "ಟಯರಿಗೆ ಗಾಳಿ ಯಾಕೆ ಹಾಕಿಲ್ಲ?" ಮುಂದಿನ ಗಾಜಿನ ಮೇಲೆಲ್ಲ ಪಾಚಿ. ಬಾಲದ ಬುಡದಲ್ಲಿ ಜೇಡ ಬಲೆ ಕಟ್ಟಿದೆ. ಗಾಳಿಯ ವೇಗ ಅಳೆಯುವ ಪಿಟೋ ಕೊಳವೆಯ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿದೆ. ಇಂಜಿನ್ ಇಲ್ಲ, ಅದು ಕೂರುತ್ತಿದ್ದ ಜಾಗದಲ್ಲಿ ನೀರು ನಿಂತಿದೆ. ಅಪ್ಪ ಜೇಬಿನ ಕರವಸ್ತ್ರ ತೆಗೆದು ಒಂದು ಕಡೆ ಒರೆಸತೊಡಗಿದರು. ಮುಕ್ಕಾಲು ಗಂಟೆ ಒರೆಸಿದರು. ನಾನು ತಡೆಯಲಿಲ್ಲ.

ಮನೆಗೆ ಬಂದು ಹುಡುಕಿದೆ. ಅಮೆರಿಕದ ಜಾರ್ಜಿಯಾದಲ್ಲಿ ಆರ್ಮಿ ಏವಿಯೇಷನ್ ಹೆರಿಟೇಜ್ ಫೌಂಡೇಷನ್ ಎಂಬ ಸಂಸ್ಥೆ ಇದೆ. 1997ರಲ್ಲಿ ಶುರುವಾದದ್ದು. ಅಲ್ಲಿ ಸ್ವಯಂಸೇವಕರೇ ಹಳೆಯ ಹ್ಯೂಯಿ ಮತ್ತು ಕೋಬ್ರಾ ಹೆಲಿಕಾಪ್ಟರುಗಳನ್ನು ರಿಪೇರಿ ಮಾಡಿ ಹಾರಿಸುತ್ತಾರೆ. ಇಂಗ್ಲೆಂಡಿನಲ್ಲೂ ವೆಸೆಕ್ಸ್, ಸ್ಕೌಟ್‌ನಂಥ ಹಳೆಯ ಯಂತ್ರಗಳು ಪ್ರದರ್ಶನಗಳಲ್ಲಿ ಹಾರುತ್ತವೆ. ನಮ್ಮಲ್ಲಿ ಸಾಧ್ಯವಾ? ಹಾರಿಸಲು ಆಗದಿದ್ದರೆ ಈ ಒಂದನ್ನಾದರೂ ಉಳಿಸಿಕೊಳ್ಳಲು ನಾವು ಏನು ಮಾಡಬಹುದು? ಬಲ್ಲವರು ಹೇಳಿ.

ಸೋಗಾನೆ ಹುಡುಗ

ಅಕ್ಕಾ, ಕರವಸ್ತ್ರದ ಮಾತು ಓದಿ ಸುಮ್ಮನೆ ಕೂತುಬಿಟ್ಟೆ.

ಸಾಧ್ಯ ಅಂತಲೇ ನನ್ನ ನಂಬಿಕೆ. ಡಕೋಟಾ ಕಥೆ ನೆನಪಿಸಿಕೊಳ್ಳಿ. 2011ರಲ್ಲಿ ಐರ್ಲೆಂಡಿನಲ್ಲಿ ಗುಜರಿಗೆ ಹೋಗಲಿದ್ದ ವಿಮಾನವನ್ನು ರಾಜೀವ್ ಚಂದ್ರಶೇಖರ್ ಕೊಂಡು, ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. ಅವರ ತಂದೆ ಡಕೋಟಾ ಪೈಲಟ್ ಆಗಿದ್ದವರು. 2018ರಲ್ಲಿ ಅದು ಅಲ್ಲಿಂದ ತಾನೇ ಹಾರಿಕೊಂಡು ಭಾರತಕ್ಕೆ ಬಂತು. ಹೆಸರು ಪರಶುರಾಮ, ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟಾದ ಸಂಖ್ಯೆಯನ್ನೇ ಅದಕ್ಕೆ ಇಟ್ಟರು. ಗುಜರಿಯಿಂದ ಡಕೋಟಾ ಎದ್ದು ಬಂದಿದೆ. ನಮ್ಮ ಬೆಂಗಳೂರಲ್ಲೇ ತಯಾರಾದ ಚೇತಕ್ ಏಳಲಾರದಾ? ಶಿವಮೊಗ್ಗ ವಿಮಾನ ನಿಲ್ದಾಣವಿರುವ ನಮ್ಮ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ ಇದೆ, ಹೆಲಿಕಾಪ್ಟರಿಗೆ ಅದರಲ್ಲಿ ಒಂದು ಮೂಲೆ ಸಾಕು. ದುಡ್ಡು ಸೇರಿಸೋಣ, ನಾನು ಮೊದಲು ಕೊಡ್ತೇನೆ.

ಹಳೇ ಹ್ಯಾಂಗರ್

ತಮ್ಮಾ, ನಿನ್ನ ಉತ್ಸಾಹಕ್ಕೆ ತಣ್ಣೀರು ಎರಚಲು ಬರೆಯುತ್ತಿಲ್ಲ. ಮೂವತ್ತು ವರ್ಷ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಓವರ್‌ಹಾಲ್ ಕೆಲಸ ಮಾಡಿ ಈಗ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ. ಗೊತ್ತಿರುವುದನ್ನು ಹೇಳಲೇಬೇಕು.

ಡಕೋಟಾಕ್ಕೂ ಹೆಲಿಕಾಪ್ಟರಿಗೂ ಮೂಲದಲ್ಲೇ ವ್ಯತ್ಯಾಸವಿದೆ. ವಿಮಾನದ ರೆಕ್ಕೆ ನಿಂತ ರೆಕ್ಕೆ. ಹೆಲಿಕಾಪ್ಟರಿನ ರೆಕ್ಕೆ ಪ್ರತಿ ಸುತ್ತಿನಲ್ಲೂ ಬಾಗುತ್ತದೆ, ಏಳುತ್ತದೆ, ತಿರುಚುತ್ತದೆ. ಚೇತಕ್‌ನ ಆರ್ಟೂಸ್ಟ್ ಇಂಜಿನ್ ನಿಮಿಷಕ್ಕೆ 33,500 ಸುತ್ತು ತಿರುಗುತ್ತದೆ. ಗೇರ್‌ಬಾಕ್ಸ್ ಅದನ್ನು ಇಳಿಸಿ ರೆಕ್ಕೆಗೆ ಕೊಡುವಾಗ ಸುಮಾರು 350 ಸುತ್ತು. ನಿಮಿಷಕ್ಕೆ 350 ಸಲ ಬಾಗಿ ನೆಟ್ಟಗಾಗುವ ಲೋಹಕ್ಕೆ ದಣಿವು ಬರುತ್ತದೆ, ಆ ದಣಿವು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ರೆಕ್ಕೆಯ ಬ್ಲೇಡಿಗೆ, ಬ್ಲೇಡುಗಳನ್ನು ಹಿಡಿದಿಡುವ ನಡುವಿನ ಹಬ್ಬಿಗೆ, ಬಾಲದಲ್ಲಿ ತಿರುಗುವ ರೋಟರಿಗೆ, ಗೇರ್‌ಬಾಕ್ಸಿಗೆ ಇಷ್ಟು ಗಂಟೆ ಅಂತ ಆಯಸ್ಸು ಬರೆದಿರುತ್ತದೆ. ಆಯಸ್ಸು ತೀರಿತೆಂದರೆ ಹೊಸದರಂತೆ ಹೊಳೆಯುತ್ತಿದ್ದರೂ ಬಿಚ್ಚಿ ಇಡಬೇಕು.

ಆಯಸ್ಸು ಎಷ್ಟು ಕಳೆದಿದೆ ಎಂದು ಹೇಳುವುದು ಆ ಭಾಗದ ಲಾಗ್ ಕಾರ್ಡ್. ನಮ್ಮ ಶಾಪಿನಲ್ಲಿ ಅದನ್ನು ಜಾತಕ ಅನ್ನುತ್ತಿದ್ದೆವು. ಯಾವ ಯಂತ್ರದಲ್ಲಿ ಕೂತಿತ್ತು, ಯಾವಾಗ ಬಿಚ್ಚಿದರು, ಎಷ್ಟು ಗಂಟೆ ಹಾರಿತು, ಯಾರು ಸಹಿ ಹಾಕಿದರು, ಎಲ್ಲ ಅದರಲ್ಲಿ. ಜಾತಕ ಕಳೆದ ಬ್ಲೇಡ್ ಎಷ್ಟೇ ಚೆನ್ನಾಗಿದ್ದರೂ ಹಾರಾಟಕ್ಕೆ ಬರುವುದಿಲ್ಲ. ಅಕ್ಕ ನೋಡಿದ ಚೇತಕ್‌ನ ಕಾರ್ಡುಗಳು ಆ ಸಂಸ್ಥೆಯಲ್ಲಿ ಇರುವ ಸಂಭವ ಬಹಳ ಕಡಿಮೆ. ನೆಲದ ಮೇಲೆ ತೋರಿಸಲು ಕೊಟ್ಟ ಯಂತ್ರಕ್ಕೆ ಅವು ಬೇಕಾಗುವುದೂ ಇಲ್ಲ.

ಹ್ಯೂಯಿ ಹೇಗೆ ಹಾರುತ್ತಿದೆ ಅಂತ ಕೇಳಬಹುದು. ಜಗತ್ತಿನಲ್ಲಿ 16,000ಕ್ಕೂ ಹೆಚ್ಚು ಹ್ಯೂಯಿ ತಯಾರಾಗಿವೆ, ಬಿಡಿಭಾಗದ ದೊಡ್ಡ ಸಂತೆಯೇ ಇದೆ. ಅಮೆರಿಕದಲ್ಲಿ ಇಂಥವಕ್ಕೆ ಎಕ್ಸ್‌ಪರಿಮೆಂಟಲ್, ರಿಸ್ಟ್ರಿಕ್ಟೆಡ್ ಅಂತ ಬೇರೆ ವರ್ಗದ ಪರವಾನಗಿ ಇದೆ. ಬ್ರಿಟನ್ನಿನಲ್ಲಿ 'ಪರ್ಮಿಟ್ ಟು ಫ್ಲೈ' ಇದೆ. ನಮ್ಮ ಡಕೋಟಾ, ಟೈಗರ್ ಮಾತ್, ಹಾರ್ವರ್ಡ್ ವಿಮಾನಗಳು ಹಾರುವುದು ವಾಯುಪಡೆಯ ವಿಂಟೇಜ್ ಫ್ಲೈಟ್ ಎಂಬ ಹಳೆಯ ವಿಮಾನಗಳ ತಂಡದಲ್ಲಿ, ಸೇನೆಯ ಅಧಿಕಾರದಡಿ.

ಇನ್ನೂ ದೊಡ್ಡ ಕಾರಣವಿದೆ. ಚೇತಕ್ ಇನ್ನೂ ಪೂರ್ತಿ ನಿವೃತ್ತವಾಗಿಲ್ಲ. 1962ರಲ್ಲಿ ನಮ್ಮ ಸೇನೆಗೆ ಸೇರಿದ್ದು ಈಗಲೂ ದುಡಿಯುತ್ತಿದೆ. ಆಯಸ್ಸು ಉಳಿದಿರುವ ಪ್ರತಿ ಬ್ಲೇಡೂ ಒಬ್ಬ ಯೋಧನನ್ನು ಹೊತ್ತು ತರುವ ಯಂತ್ರಕ್ಕೆ ಸೇರಬೇಕು, ನಮ್ಮ ಹವ್ಯಾಸಕ್ಕಲ್ಲ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಕೊಪ್ಪದ ಕಾಫಿ

ಮೇಲಿನ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 2022ರ ಜೂನ್ 22ರಂದು ವಿಯೆಟ್ನಾಂ ಕಾಲದ ಹ್ಯೂಯಿ ಒಂದು ಬಿದ್ದು ಅದರಲ್ಲಿದ್ದ ಆರೂ ಜನ ಹೋದರು. ಹ್ಯೂಯಿ ಪ್ರೇಮಿಗಳು ವರ್ಷಕ್ಕೊಮ್ಮೆ ಸೇರುವ ಕೂಟದ ಹೊತ್ತಲ್ಲೇ. ಸಂತೋಷಕ್ಕೆಂದು ಹತ್ತಿದವರು ಅವರು.

ನಮ್ಮಲ್ಲಿ ಕೆಲವು ವರ್ಷಗಳ ಹಿಂದೆ ಸೇನಾಧಿಕಾರಿಗಳ ಪತ್ನಿಯರೇ ಚೇತಕ್ ಮತ್ತು ಅದರದೇ ವಂಶದ ಚೀತಾ ಹೆಲಿಕಾಪ್ಟರುಗಳು ಹಳತಾಗಿವೆ, ಬದಲಿಸಿ ಎಂದು ರಕ್ಷಣಾ ಸಚಿವರವರೆಗೆ ಹೋಗಿದ್ದರು. ಅವರ ಮುಂದೆ ನಿಂತು ನಾವು 'ನೆನಪಿಗೋಸ್ಕರ ಹಾರಿಸುತ್ತೇವೆ' ಅನ್ನಲು ಆಗುತ್ತದಾ? ನನಗಂತೂ ಆಗುವುದಿಲ್ಲ.

ಸಾಗರದಿಂದ ಸಾಗರದಾಚೆ

ನಾನು ಅಟ್ಲಾಂಟಾದಲ್ಲಿದ್ದೇನೆ, ಊರು ಸಾಗರ. ಅಕ್ಕ ಹೇಳಿದ ಸಂಸ್ಥೆ ಇರುವುದು ಇಲ್ಲಿಂದ ಹತ್ತಿರ, ಹ್ಯಾಂಪ್ಟನ್ ಎಂಬ ಊರಲ್ಲಿ. ಎರಡು ಸಲ ಹೋಗಿ ನೋಡಿದ್ದೇನೆ, ಒಮ್ಮೆ ದುಡ್ಡು ಕೊಟ್ಟು ಹ್ಯೂಯಿಯಲ್ಲಿ ಕೂತಿದ್ದೇನೆ. ಆ ದುಡ್ಡೇ ಅವರ ಇಂಧನ. ಹ್ಯೂಯಿ ಗಂಟೆಗೆ 300 ಲೀಟರಿಗೂ ಮೇಲೆ ಕುಡಿಯುತ್ತದೆ.

ಹಾರಾಟ ಹತ್ತೇ ನಿಮಿಷ. ನನ್ನ ಮನಸ್ಸಲ್ಲಿ ಉಳಿದದ್ದು ಅದಲ್ಲ. ಬೆಳಿಗ್ಗೆ ಬೇಗ ಹೋಗಿ ಬೇಲಿಯ ಹೊರಗೆ ನಿಂತಿದ್ದೆ. ನಮ್ಮಪ್ಪನ ವಯಸ್ಸಿನ ಒಬ್ಬರು ಏಣಿ ಹತ್ತಿ ರೋಟರ್ ಹಬ್ಬಿನ ಒಂದೊಂದು ಬೋಲ್ಟನ್ನೂ ಬೆರಳಲ್ಲಿ ಮುಟ್ಟಿ, ಟಾರ್ಚ್ ಹಾಕಿ ನೋಡುತ್ತಿದ್ದರು. ಕೆಳಗೆ ಇಪ್ಪತ್ತರ ಆಸುಪಾಸಿನ ಹುಡುಗಿ ಪಟ್ಟಿ ಹಿಡಿದು ನಿಂತಿದ್ದಳು. ಅವರು ಮೇಲಿಂದ ಹೇಳುವುದು, ಅವಳು ಗುರುತು ಹಾಕುವುದು. ಒಂದು ಕಡೆ ಅವರು ನಿಲ್ಲಿಸಿ ಅವಳನ್ನೇ ಮೇಲೆ ಕರೆದು, ಅವಳ ಬೆರಳನ್ನು ಒಂದು ಸೇಫ್ಟಿ ವೈರಿನ ಮೇಲೆ ಇಟ್ಟು ಏನೋ ವಿವರಿಸಿದರು. ಬೋಲ್ಟ್ ಸಡಿಲವಾಗದಂತೆ ತಂತಿ ಹೆಣೆದು ಬಿಗಿಯುತ್ತಾರಲ್ಲ, ಅದು. ಯಾವ ದಿಕ್ಕಿಗೆ ಹೆಣೆಯಬೇಕು ಅನ್ನುವುದು ಪುಸ್ತಕದಲ್ಲಿದೆ, ಎಷ್ಟು ಬಿಗಿ ಅನ್ನುವುದು ಕೈಯಲ್ಲಿದೆ.

ಕೊಪ್ಪದವರು ಹೇಳಿದ ಅವಘಡ ನಿಜ. ಅದು ಈ ಸಂಸ್ಥೆಯದಲ್ಲ, ಆದರೂ ಹಳೆಯ ಯಂತ್ರ ಹಾರಿಸುವವರೆಲ್ಲರ ಎದೆಯ ಮೇಲೆ ಅದು ಕೂತಿದೆ. ಅಕ್ಕಾ, ನಿಮ್ಮ ಅಪ್ಪನಿಗೆ ಹಾರುವ ಚೇತಕ್‌ಗಿಂತ ಮೊದಲು ಕೆಳಗೆ ಪಟ್ಟಿ ಹಿಡಿದು ನಿಲ್ಲುವ ಆ ಹುಡುಗಿ ಬೇಕು ಅಂತ ನನಗೆ ಅನಿಸುತ್ತದೆ.

ಹಿಮದಿಂದ ಬಂದವ

ನಾನು ಜಾಸ್ತಿ ಬರೆಯುವವನಲ್ಲ. ಹೊಸನಗರ ತಾಲ್ಲೂಕಿನವ, ಸೇನೆಯಲ್ಲಿ ಹದಿನೇಳು ವರ್ಷ.

ಸಿಯಾಚಿನ್‌ನಲ್ಲಿ ಕಾಲಿಗೆ ಹಿಮಗಾಯವಾಗಿ ಎರಡು ದಿನ ಬಂಕರಿನಲ್ಲಿ ಮಲಗಿದ್ದೆ. ಹವೆ ಸರಿಯಿರಲಿಲ್ಲ. ಮೂರನೇ ದಿನ ಮೋಡ ಸ್ವಲ್ಪ ಬಿಟ್ಟಾಗ ಚೀತಾ ಬಂತು. ಅಷ್ಟೆತ್ತರದಲ್ಲಿ ಗಾಳಿ ತೆಳು, ಐದು ಸೀಟಿನ ಯಂತ್ರ ಒಬ್ಬನನ್ನು ಎತ್ತುವುದೂ ಕಷ್ಟ. ಪೈಲಟ್ ಇಂಜಿನ್ ಆರಿಸಲಿಲ್ಲ, ರೆಕ್ಕೆ ತಿರುಗುತ್ತಲೇ ಇತ್ತು. ನನ್ನನ್ನು ಎಳೆದು ಒಳಗೆ ಹಾಕಿದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಎರಡು ಬೆರಳು ಹೋದವು, ಕಾಲು ಉಳಿಯಿತು.

ಆಮೇಲೆ ಗೊತ್ತಾಯಿತು, ಚೀತಾ ಅಂದರೆ ಫ್ರಾನ್ಸಿನ ಲಾಮಾ ಹೆಲಿಕಾಪ್ಟರ್. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಪೈಲಟ್ ಅದರಲ್ಲಿ 12,442 ಮೀಟರ್ ಏರಿದ್ದರಂತೆ. ರೋಟರು, ಇಂಜಿನ್ನು ಎಲ್ಲ ಚೇತಕ್‌ನದೇ ವಂಶ.

ಹಾರಿಸಬೇಕೋ ಬೇಡವೋ ನೀವು ತಿಳಿದವರು ಹೇಳಿ. ಅದು ಮಳೆಯಲ್ಲಿ ನಿಲ್ಲಬಾರದು. ನಾನು ಬರುತ್ತೇನೆ, ಏನು ಕೆಲಸ ಕೊಟ್ಟರೂ ಮಾಡುತ್ತೇನೆ.

ತುಂಗೆಯ ದಡದವಳು

ಎಲ್ಲ ಉತ್ತರಗಳನ್ನೂ ಅಪ್ಪನಿಗೆ ಓದಿ ಹೇಳಿದೆ. ಹೊಸನಗರದ ಅಣ್ಣನ ಮಾತಿಗೆ ಅವರು ಎದ್ದು ಜಗಲಿಗೆ ಹೋದರು, ಸ್ವಲ್ಪ ಹೊತ್ತು ಬರಲಿಲ್ಲ.

ಹ್ಯಾಂಗರ್ ಸರ್ ಮಾತನ್ನು ಪೂರ್ತಿ ಒಪ್ಪಿದರು. "ಅದು ಇನ್ನು ಹಾರುವುದಿಲ್ಲ. ಹಾರಿಸಬಾರದು" ಅಂದರು. ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅವರೇ, "ಬಾಗಿಲು ಸರಿಯಾಗಿ ಜಾರಬೇಕು, ಪೆಡಲ್ ತುಳಿದರೆ ಬಾಲದ ಬ್ಲೇಡ್ ಕೋನ ಬದಲಾಗುವುದು ಮಕ್ಕಳಿಗೆ ಕಾಣಬೇಕು, ಅಷ್ಟಾದರೆ ಸಾಕು" ಅಂದರು. ಚೇತಕ್‌ನ ಇಂಜಿನ್ ಮೇಲ್ಗಡೆ ತೆರೆದೇ ಇರುತ್ತದೆ, ಹೊದಿಕೆ ಇಲ್ಲ, ಹಾಗಾಗಿ ಕಲಿಸಲು ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ ಅಂತ ಅವರ ಅಭಿಪ್ರಾಯ. ಇಂಜಿನ್ ಇಲ್ಲದಿದ್ದರೂ ಮರದಲ್ಲಿ ಮಾದರಿ ಮಾಡಿ ಕೂರಿಸಬಹುದು ಎನ್ನುತ್ತಾರೆ.

ಈಗ ನನ್ನ ಪ್ರಶ್ನೆ ಬದಲಾಗಿದೆ: ಮಲೆನಾಡಿನ ಮಳೆಗಾಲವನ್ನು ಅದು ದಾಟುವುದು ಹೇಗೆ?

ಅಡಿಕೆ ಮರದ ಕೆಳಗೆ

ಇದಕ್ಕೆ ನಾನು ಉತ್ತರ ಕೊಡಬಲ್ಲೆ ಅಕ್ಕ. ಆಗುಂಬೆ ಮಗ್ಗುಲಿನವ, ನಮ್ಮಲ್ಲಿ ಆಷಾಢದಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಸಲು ಬರುತ್ತದೆ.

ಎಲ್ಲರೂ ಮೊದಲು ಮಾಡುವ ತಪ್ಪು ಪ್ಲಾಸ್ಟಿಕ್ ಸುತ್ತುವುದು. ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವಾಗಲೂ ಕೆಳಗೆ ಬಾಯಿ ತೆರೆದೇ ಬಿಡುತ್ತೇವೆ, ಯಾಕೆ? ಒಳಗೆ ಉಸಿರಾಡಬೇಕು. ಲೋಹವೂ ಹಾಗೇ. ಬಿಗಿಯಾಗಿ ಸುತ್ತಿದರೆ ರಾತ್ರಿಯ ತಂಪಿಗೆ ಒಳಗಡೆಯೇ ಬೆವರುತ್ತದೆ, ಆ ನೀರು ಹೊರಗೆ ಹೋಗುವುದಿಲ್ಲ. ಮೈಯಿಂದ ಎರಡು ಅಡಿ ಮೇಲೆ ಚಪ್ಪರ ಬೇಕು, ನಾಲ್ಕೂ ಕಡೆ ಗಾಳಿ ಆಡಬೇಕು. ಇಳಿಜಾರು ಜಾಸ್ತಿ ಇಡಿ, ನಮ್ಮ ಮಳೆ ಅಡ್ಡ ಹೊಡೆಯುತ್ತದೆ. ಪಡುವಣ ಬದಿಗೆ ಮಾತ್ರ ತಡಿಕೆ ಕಟ್ಟಿ. ಕಬ್ಬಿಣದ ಪೈಪು, ಶೀಟು, ಆಳು ನನ್ನ ಲೆಕ್ಕಕ್ಕೆ ಬಿಡಿ, ಅಡಿಕೆ ಒಣಗಿಸಲು ಹಾಕಿಸಿದ್ದ ಚಪ್ಪರದ್ದು ಬಿಚ್ಚಿಟ್ಟಿದ್ದೇನೆ.

ಇನ್ನೊಂದು ಬಹಳ ಮುಖ್ಯ. ಅಡಿಕೆಗೆ ಹೊಡೆಯಲು ಮೈಲುತುತ್ತ (ತಾಮ್ರದ ಲವಣ), ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವ ಜಾಗದ ಹತ್ತಿರ, ಔಷಧಿ ಡ್ರಮ್ಮಿನ ಹತ್ತಿರ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ದ್ರಾವಣ ಸರಿಯಾಯಿತಾ ಎಂದು ನಾವು ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಕಡಿಮೆ ಅಂತ. ಕಬ್ಬಿಣಕ್ಕೇ ಹಾಗೆ ಹತ್ತುವ ಮೈಲುತುತ್ತ ಅಲ್ಯೂಮಿನಿಯಂ ಮೇಲೆ ಬಿದ್ದರೆ ಇನ್ನೂ ಕೆಟ್ಟದ್ದು. ನಮ್ಮ ಅಲ್ಯೂಮಿನಿಯಂ ಏಣಿಯನ್ನು ಹಾಗೇ ಕಳೆದುಕೊಂಡೆ.

ಹಳೇ ಹ್ಯಾಂಗರ್

ಮೈಲುತುತ್ತದ ಮಾತು ಹೇಳಿದ್ದಕ್ಕೆ ನಮಸ್ಕಾರ. ಅಲ್ಯೂಮಿನಿಯಂಗೆ ತಾಮ್ರ ಹತ್ತಿದರೆ ಆ ಜಾಗದಲ್ಲಿ ಚಿಕ್ಕ ಬ್ಯಾಟರಿಯೇ ಶುರುವಾದಂತೆ, ಒದ್ದೆಯಿದ್ದಷ್ಟು ಹೊತ್ತು ಅಲ್ಯೂಮಿನಿಯಂ ಕರಗುತ್ತಲೇ ಇರುತ್ತದೆ. ಕೆಲಸವೆಲ್ಲ ಬೆಂಗಳೂರಲ್ಲೇ ಮಾಡಿದ ನನಗೆ ಇದು ಹೊಳೆಯುತ್ತಲೇ ಇರಲಿಲ್ಲ. ಹಳೆಯ ಹೆಲಿಕಾಪ್ಟರುಗಳ ಗೇರ್‌ಬಾಕ್ಸ್ ಕವಚಕ್ಕೆ ಹೆಚ್ಚಾಗಿ ಮೆಗ್ನೀಸಿಯಂ ಮಿಶ್ರಲೋಹ ಬಳಸುತ್ತಿದ್ದರು. ಅದು ಅಲ್ಯೂಮಿನಿಯಂಗಿಂತಲೂ ಬೇಗ ಸಾಯುತ್ತದೆ, ಬಿಳಿ ಪುಡಿಯಾಗಿ ಉದುರುತ್ತದೆ. ಮೊದಲು ನೋಡಬೇಕಾದದ್ದು ಅದನ್ನೇ.

ಟಯರಿನ ಬಗ್ಗೆ ಒಂದು ಎಚ್ಚರಿಕೆ. ಗಾಳಿ ಹಾಕಲು ಪಂಕ್ಚರ್ ಅಂಗಡಿಯ ಹುಡುಗನನ್ನು ಕರೆದುಬಿಡಬೇಡಿ. ವಿಮಾನದ ಚಕ್ರ ಎರಡು ಹೋಳನ್ನು ಬೋಲ್ಟಿನಿಂದ ಬಿಗಿದದ್ದು. ವರ್ಷಗಟ್ಟಲೆ ಮಳೆ ತಿಂದ ಬೋಲ್ಟ್ ಒತ್ತಡಕ್ಕೆ ಬಿಟ್ಟರೆ ಹೋಳು ಸಿಡಿದು ಎದುರಿದ್ದವರ ಪ್ರಾಣ ತೆಗೆಯುತ್ತದೆ. ಮೊದಲು ಜಾಕ್ ಕೊಟ್ಟು ಭಾರ ಇಳಿಸಿ. ಚಕ್ರ ಬಿಚ್ಚಿ ಪರೀಕ್ಷಿಸುವ ತನಕ ಮರದ ದಿಮ್ಮಿಯ ಮೇಲೆ ನಿಲ್ಲಲಿ. ಒಳಗಿನ ಮೀಟರುಗಳನ್ನೂ ಸುಮ್ಮನೆ ಬಿಚ್ಚಬೇಡಿ. ಹಳೆಯ ಕಾಲದ ಕೆಲವು ಮೀಟರುಗಳ ಮುಳ್ಳಿಗೆ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಳಿಯುತ್ತಿದ್ದರು. ಗಾಜು ಒಡೆದಿದ್ದರೆ ಮುಟ್ಟದೆ ನನಗೆ ಹೇಳಿ.

ಭದ್ರಾವತಿ ಟರ್ನರ್

ಕಬ್ಬಿಣದ ಕಾರ್ಖಾನೆಯಲ್ಲಿ ಲೇತ್ ಮೇಲೆ ಮೂವತ್ನಾಲ್ಕು ವರ್ಷ. ಮನೆಯಲ್ಲಿ ಈಗಲೂ ಸಣ್ಣ ಲೇತ್ ಇದೆ. ಬಾಗಿಲ ರೋಲರು, ಬುಷ್ಷು, ಪಿನ್ನು ಏನು ಬೇಕಾದರೂ ಅಳತೆ ಕೊಡಿ, ತಿರುಗಿಸಿ ಕೊಡುತ್ತೇನೆ. ಹಾರಾಟಕ್ಕೆ ನಾನು ಮಾಡಿದ ಪಿನ್ ಹಾಕಬಾರದು ಅಂತ ನನಗೂ ಗೊತ್ತು, ನಿಂತ ಯಂತ್ರಕ್ಕೆ ನಡೆಯುತ್ತದೆ. ಮಾಡಿದ ಪ್ರತಿ ತುಂಡಿನ ಮೇಲೂ ಇಸವಿ ಕೆತ್ತುತ್ತೇನೆ, ಮುಂದೆ ಯಾರಿಗೂ ಇದು ಮೂಲದ್ದು ಅಂತ ಗೊಂದಲವಾಗಬಾರದು.

ನಿವೃತ್ತ ವಿಜ್ಞಾನ ಮೇಷ್ಟ್ರು

ಟರ್ನರ್ ಅವರ ಕೊನೆಯ ಸಾಲು ಎಲ್ಲರೂ ಇನ್ನೊಮ್ಮೆ ಓದಬೇಕು.

ಗೋವಾದ ವಾಸ್ಕೋ ಹತ್ತಿರ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ, 1998ರಿಂದ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಸೀ ಕಿಂಗ್ ಹೆಲಿಕಾಪ್ಟರ್ ಮುಂದೆ ಅವರು ಕದಲಲೇ ಇಲ್ಲ. ಇಂಗ್ಲೆಂಡಿನ ವೆಸ್ಟನ್-ಸೂಪರ್-ಮೇರ್ ಎಂಬ ಕಡಲ ತೀರದ ಊರಲ್ಲಿ ಬರೀ ಹೆಲಿಕಾಪ್ಟರುಗಳದ್ದೇ ಮ್ಯೂಸಿಯಂ 1989ರಿಂದ ನಡೆಯುತ್ತಿದೆ. 80ಕ್ಕೂ ಹೆಚ್ಚು ಯಂತ್ರಗಳು, ಬಹುಪಾಲು ದುರಸ್ತಿ ಸ್ವಯಂಸೇವಕರದ್ದು. ಅವೂ ಹಾರುವುದಿಲ್ಲ. ಹಾಗಂತ ಅಲ್ಲಿ ಯಾರೂ ಅವನ್ನು ಸತ್ತವು ಅನ್ನುವುದಿಲ್ಲ, ದಿನ ಗೊತ್ತುಮಾಡಿ ಕಾಕ್‌ಪಿಟ್ಟಿಗೆ ಮಕ್ಕಳನ್ನು ಹತ್ತಿಸುತ್ತಾರೆ.

ನನ್ನದೊಂದು ಒತ್ತಾಯ. ತುಮಕೂರು ಜಿಲ್ಲೆ ಗುಬ್ಬಿ ಹತ್ತಿರ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಚೇತಕ್, ಚೀತಾಗಳ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್ ಅಲ್ಲಿಯದು. ಅಂದರೆ ಮುಂದೆ ಹಳೆಯವು ಒಂದೊಂದಾಗಿ ಇಳಿಯುತ್ತವೆ, ಎಷ್ಟೋ ಊರಿನ ಅಂಗಳಕ್ಕೆ ಬಂದು ನಿಲ್ಲುತ್ತವೆ. ಆಗ ಅವನ್ನು ಬಿಚ್ಚಿ ಜೋಡಿಸಿದ ಕೈಗಳಿಗೆ ಎಂಬತ್ತಾಗಿರುತ್ತದೆ. ಕೆಲಸ ಮಾಡುವಾಗ ನಿಮ್ಮ ತಂದೆಯವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಸಂದರ್ಶನದ ಹಾಗೆ ಕೂರಿಸಿ ಕೇಳಬೇಡಿ, ಕೈ ಆಡುತ್ತಿರುವಾಗಲೇ ಕೇಳಿ. ಸಂಸ್ಥೆಗೆ ಬರೆಯುವ ಪತ್ರ ನಾನು ತಯಾರಿಸುತ್ತೇನೆ. ದೂರಿನ ಧಾಟಿ ಬೇಡ, 'ನಿಮ್ಮ ಚೇತಕ್ ನೋಡಿಕೊಳ್ಳಲು ನಮಗೆ ಅವಕಾಶ ಕೊಡಿ' ಅಂತಲೇ ಇರಲಿ.

ಕೊಪ್ಪದ ಕಾಫಿ

ಹಾರಿಸುವುದಿಲ್ಲ ಅಂದಮೇಲೆ ನನ್ನ ತಕರಾರಿಲ್ಲ. ಶೀಟಿನ ಮೇಲೆ ಬಳಿಯುವ ಬಣ್ಣದ ಖರ್ಚು ನನ್ನದು.

ಸೋಗಾನೆ ಹುಡುಗ

ಪಟ್ಟಿ ಹಿಡಿದು ಕೆಳಗೆ ನಿಲ್ಲುವವ ನಾನಾಗಬಹುದಾ ಅಕ್ಕ? ಐಟಿಐ ಎರಡನೇ ವರ್ಷ, ಫಿಟ್ಟರ್ ಟ್ರೇಡ್.

ತುಂಗೆಯ ದಡದವಳು

ಹದಿನೆಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಮೇಷ್ಟ್ರ ಪತ್ರಕ್ಕೆ ಉತ್ತರ ಬಂತು. ಚಪ್ಪರ ಹಾಕಲು, ತೊಳೆಯಲು ಒಪ್ಪಿದ್ದಾರೆ, ಭಾನುವಾರ ಮಾತ್ರ, ಬೆಳಿಗ್ಗೆ 8ರಿಂದ. ಒಳಗಿನದನ್ನು ಮುಟ್ಟುವ ಮೊದಲು ಹ್ಯಾಂಗರ್ ಸರ್ ಬಂದು ನೋಡಿ ಬರೆದುಕೊಡಬೇಕು ಅಂತ ಕೇಳಿದ್ದಾರೆ, ಸರ್ ಒಪ್ಪಿದ್ದಾರೆ. ಆಗುಂಬೆ ಅಣ್ಣ ಶನಿವಾರ ಸಂಜೆಯೇ ಪೈಪು ತರುತ್ತಾರೆ. ಹೊಸನಗರದ ಅಣ್ಣನಿಗೆ ಬಸ್ ಸ್ಟ್ಯಾಂಡಿನಿಂದ ನಮ್ಮ ಕಾರಿದೆ, ಆ ಕಾಲಲ್ಲಿ ನಡೆಯುವುದು ಬೇಡ.

ಸೋಗಾನೆ ತಮ್ಮಾ, ಅಪ್ಪ ನಿನಗೆ ಹೇಳಲು ಹೇಳಿದ್ದು: ಉಂಗುರ, ವಾಚ್ ತೆಗೆದಿಟ್ಟು ಬಾ. ಮೇಲಿನ ಜೇಬಲ್ಲಿ ಏನೂ ಇರಬಾರದು, ಬಗ್ಗಿದಾಗ ಯಂತ್ರದೊಳಗೆ ಬೀಳುತ್ತದೆ. ಬರುವಾಗ ಎಷ್ಟು ಸ್ಪ್ಯಾನರ್ ತಂದೆಯೋ ಎಣಿಸಿ ಬರೆದುಕೋ, ಹೋಗುವಾಗ ಮತ್ತೆ ಎಣಿಸು, ಒಂದು ಕಡಿಮೆಯಾದರೂ ಸಿಗುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ. ಅದು ಹಾರುವುದಿಲ್ಲವಲ್ಲ ಅಪ್ಪ ಅಂದೆ. "ಇರಲಿ, ಎಣಿಸಲಿ" ಅಂದರು.

ನಿನ್ನೆ ರಾತ್ರಿ ಟ್ರಂಕ್ ತೆಗೆದು ಕೆಲಸದ ಹೊತ್ತಲ್ಲಿ ತೊಡುತ್ತಿದ್ದ ತಮ್ಮ ಹಳೆಯ ಡಂಗ್ರಿ ಉಡುಪು ಹುಡುಕಿದ್ದಾರೆ. ಸೊಂಟಕ್ಕೆ ಸಡಿಲವಾಗಿದೆ, ಅಮ್ಮ ಈಗ ಹೊಲಿಗೆ ಹಾಕುತ್ತಿದ್ದಾರೆ.